ತೋಳ, ಎಲ್ಕ್ ಮತ್ತು ಬೇಟೆಗಾರನ ಲೆಕ್ಕ: ಒಂದು ಜಾನಪದೀಯ ವಿವೇಚನೆ

ಬೇಟೆಯನ್ನು ಕುರಿತ ಜಾನಪದ ಅಧ್ಯಯನ ನಮ್ಮಲ್ಲಿ ಬಹುಮಟ್ಟಿಗೆ ಬೇಟೆಯ ಹಾಡು, ಬೇಟೆಯ ಆಚರಣೆ, ಬೇಟೆಗಾರ ದೈವಗಳ ಕಥನ ಇವುಗಳ ಸುತ್ತಲೇ ನಡೆದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯು ಕಾನೂನಿನ ಹೊರಗಾದುದರಿಂದ, ಬೇಟೆಗಾರರು ಕಾಡನ್ನು ಕುರಿತು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತು ಸಂಶೋಧಕನ ಕಿವಿಗೆ ಬೀಳುವುದು ಕಷ್ಟ. ಬಿದ್ದರೂ ಅದು ನೆನಪಿನ ರೂಪದಲ್ಲಿರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮದ ರಾಜ್ಯಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಪ್ರತಿ ಶರತ್ಕಾಲದಲ್ಲಿ ಸರಕಾರದ ಪರವಾನಗಿ ಪಡೆದು ಲಕ್ಷಾಂತರ ಜನ ಬೇಟೆಗೆ ಹೋಗುತ್ತಾರೆ, ಮಾಂಸವನ್ನು ಮನೆಗೆ ತರುತ್ತಾರೆ, ಶಿಬಿರದ ಬೆಂಕಿಯ ಸುತ್ತ ಕುಳಿತು ವಾದಿಸುತ್ತಾರೆ. ಕಳೆದ ಮೂರು ದಶಕಗಳಲ್ಲಿ ಈ ವಾದದ ಮುಖ್ಯ ವಸ್ತುವಾಗಿರುವುದು ತೋಳ. ತೋಳಗಳು ಮರಳಿ ಬಂದ ಮೇಲೆ ಎಲ್ಕ್ ಮತ್ತು ಜಿಂಕೆಗಳ ಸಂಖ್ಯೆ ಎಷ್ಟು ಇಳಿಯಿತು, ಇಳಿದುದಕ್ಕೆ ತೋಳವೇ ಕಾರಣವೇ ಎಂಬುದು ಪ್ರಶ್ನೆ. ಈ ವಾದವನ್ನು ಒಂದು ಜೀವಂತ ಮೌಖಿಕ ಸಂಕಥನವೆಂದು ಭಾವಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಹೆಸರಿನ ಬಗ್ಗೆ ಒಂದು ಮಾತು. ಎಲ್ಕ್‌ಗೆ ಕನ್ನಡದಲ್ಲಿ ಹೆಸರಿಲ್ಲ, ಇರಬೇಕಾದ ಕಾರಣವೂ ಇಲ್ಲ. ನಮ್ಮ ಕಡವೆಯ ಬಂಧುವಾದರೂ ಅದಕ್ಕಿಂತ ದೊಡ್ಡದು, ಹಿಂಡುಗಟ್ಟಿ ಬಾಳುವಂಥದು. ಯುರೋಪಿನಲ್ಲಿ ಇದೇ ಹೆಸರು ಇನ್ನೊಂದು ಪ್ರಾಣಿಗೆ, ಅಮೆರಿಕದವರು ಮೂಸ್ ಎನ್ನುವುದಕ್ಕೆ, ಸಲ್ಲುತ್ತದೆ. ಈ ಗೊಂದಲದಿಂದ ತಪ್ಪಿಸಿಕೊಳ್ಳಲು ಕೆಲವರು ಷಾನೀ ಜನರ ‘ವಾಪಿಟಿ’ ಎಂಬ ಮಾತನ್ನು ಬಳಸುತ್ತಾರೆ. ಬೇಟೆಗಾರರ ಬಾಯಲ್ಲಿರುವುದು ಎಲ್ಕ್ ಆದ್ದರಿಂದ ಇಲ್ಲಿಯೂ ಅದನ್ನೇ ಉಳಿಸಿಕೊಂಡಿದೆ.

ವಿವಾದದ ಕೇಂದ್ರ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ. 1872ರಲ್ಲಿ ಸ್ಥಾಪಿತವಾದ ಈ ಉದ್ಯಾನದಲ್ಲಿ ಸರಕಾರವೇ ಮುಂದೆ ನಿಂತು ತೋಳಗಳನ್ನು ಕೊಲ್ಲಿಸಿತು. 1926ರ ಹೊತ್ತಿಗೆ ಅಲ್ಲಿ ತೋಳದ ಸಂತತಿ ಅಳಿಯಿತು. ಬಳಿಕ ಎಲ್ಕ್‌ಗಳು ಹೆಚ್ಚಿ ಹುಲ್ಲುಗಾವಲು ಸವೆಯಿತೆಂದು, ಉದ್ಯಾನದ ಸಿಬ್ಬಂದಿಯೇ ಬಂದೂಕು ಹಿಡಿದು ಎಲ್ಕ್‌ಗಳನ್ನು ಕಡಿಮೆ ಮಾಡತೊಡಗಿದರು. 1961-62ರ ಒಂದೇ ಚಳಿಗಾಲದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಎಲ್ಕ್‌ಗಳನ್ನು ಹೀಗೆ ತೆಗೆದುಹಾಕಲಾಯಿತು. ಬೇಟೆಗಾರರು ಇದನ್ನು ತೀವ್ರವಾಗಿ ವಿರೋಧಿಸಿದರು, 1960ರ ದಶಕದ ಕೊನೆಯಲ್ಲಿ ಈ ಕ್ರಮ ನಿಂತಿತು. ಆಗ ಉತ್ತರದ ಹಿಂಡಿನಲ್ಲಿ ಎಣಿಕೆಗೆ ಸಿಕ್ಕ ಎಲ್ಕ್‌ಗಳು ನಾಲ್ಕು ಸಾವಿರಕ್ಕೂ ಕಡಿಮೆ. ಒಂದೂ ತೋಳವಿಲ್ಲದ ಕಾಲದಲ್ಲಿ ಸಂಖ್ಯೆ ಇಷ್ಟಕ್ಕೆ ಇಳಿದಿತ್ತೆಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿಡಬೇಕು.

1995ರಲ್ಲಿ 14, 1996ರಲ್ಲಿ 17, ಒಟ್ಟು 31 ತೋಳಗಳನ್ನು ಕೆನಡಾದಿಂದ ತಂದು ಯೆಲ್ಲೋಸ್ಟೋನಿನಲ್ಲಿ ಬಿಡಲಾಯಿತು. ಅದೇ ಎರಡು ವರ್ಷಗಳಲ್ಲಿ ಐಡಾಹೋ ರಾಜ್ಯದ ಮಧ್ಯಭಾಗದಲ್ಲಿ 35 ತೋಳಗಳನ್ನು ಬಿಟ್ಟರು. 1994ರಲ್ಲಿ ಉತ್ತರದ ಹಿಂಡಿನ ಎಣಿಕೆ ಸುಮಾರು 19,000 ಇದ್ದುದು 2013ರಲ್ಲಿ ನಾಲ್ಕು ಸಾವಿರಕ್ಕಿಂತ ಕೆಳಗಿಳಿಯಿತು. ಬೇಟೆಗಾರನ ವಾದ ಈ ಎರಡು ಅಂಕಿಗಳ ಮೇಲೆ ನಿಂತಿದೆ, ಅಂಕಿಗಳು ಸುಳ್ಳಲ್ಲ. ತೋಳ ಬಂದಿತು, ಎಲ್ಕ್ ಹೋಯಿತು: ಇದಕ್ಕಿಂತ ಸರಳವಾದ ಕಥನವಿನ್ಯಾಸ ಇನ್ನೊಂದಿಲ್ಲ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ನಮ್ಮ ಗಾದೆ ಇಲ್ಲಿಗೂ ಒಪ್ಪುತ್ತದೆ. ಎಲ್ಕ್ ಕಡಿಮೆಯಾದುದಕ್ಕೆ ಕಾರಣಗಳು ಹಲವಿದ್ದರೂ ಎಲ್ಲ ಕಲ್ಲುಗಳೂ ತೋಳದ ಮೇಲೆಯೇ ಬಿದ್ದವು.

ಆ ಇತರ ಕಾರಣಗಳನ್ನು ಸ್ವಲ್ಪ ವಿವರವಾಗಿ ನೋಡಬೇಕು. 1996-97ರ ಚಳಿಗಾಲ ಅತ್ಯಂತ ಕಠೋರವಾಗಿದ್ದು ಎಲ್ಕ್‌ಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಅದೇ ಕಾಲದಲ್ಲಿ ಕರಡಿಗಳೂ ಪೂಮಾಗಳೂ ಹೆಚ್ಚುತ್ತಿದ್ದವು. 2003ರಿಂದ 2005ರವರೆಗೆ ನವಜಾತ ಎಲ್ಕ್ ಕರುಗಳಿಗೆ ರೇಡಿಯೋ ಸಾಧನ ಅಳವಡಿಸಿ ನಡೆಸಿದ ಅಧ್ಯಯನದಲ್ಲಿ, ಸತ್ತ ಕರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕರಡಿಗಳಿಗೆ ಆಹಾರವಾಗಿದ್ದುದು ಕಂಡಿತು. ತೋಳದ ಪಾಲು ಅದಕ್ಕಿಂತ ಬಹಳ ಚಿಕ್ಕದು. ಇದರ ಹಿಂದೆ ಇನ್ನೊಂದು ಕಥೆಯಿದೆ. ಯೆಲ್ಲೋಸ್ಟೋನ್ ಸರೋವರದಲ್ಲಿ ಹೊರಗಿನ ಲೇಕ್ ಟ್ರೌಟ್ ಮೀನು ಸೇರಿಕೊಂಡಿರುವುದು 1994ರಲ್ಲಿ ಪತ್ತೆಯಾಯಿತು. ಅದು ಸ್ಥಳೀಯ ಕಟ್‌ತ್ರೋಟ್ ಟ್ರೌಟ್ ಮೀನನ್ನು ಕಬಳಿಸಿತು. ವಸಂತದಲ್ಲಿ ತೊರೆಗಳಿಗೇರುತ್ತಿದ್ದ ಆ ಮೀನನ್ನು ನಂಬಿದ್ದ ಕರಡಿಗಳು ಎಲ್ಕ್ ಕರುಗಳತ್ತ ಹೆಚ್ಚು ತಿರುಗಿದವು. ಸರೋವರದ ಮೀನಿಗೂ ಬೆಟ್ಟದ ಎಲ್ಕ್‌ಗೂ ಇರುವ ಈ ನಂಟನ್ನು ಬೆಂಕಿಯ ಮುಂದೆ ಕುಳಿತು ಹೇಳಿದರೆ ಯಾರು ಕೇಳಿಯಾರು? ಮೀನು ಊಳಿಡುವುದಿಲ್ಲ, ಹಿಮದ ಮೇಲೆ ಹೆಜ್ಜೆ ಮೂಡಿಸುವುದಿಲ್ಲ.

ಬೇಟೆಗಾರರು ಅಪರೂಪವಾಗಿ ಹೇಳುವ ಇನ್ನೊಂದು ಕಾರಣ ಸ್ವತಃ ಬೇಟೆ. ಚಳಿಗಾಲದಲ್ಲಿ ಉದ್ಯಾನದಿಂದ ಕೆಳಗಿಳಿದು ಮೊಂಟಾನಾದ ಗಾರ್ಡಿನರ್ ಪಟ್ಟಣದತ್ತ ಬರುವ ಎಲ್ಕ್‌ಗಳನ್ನು ಹೊಡೆಯಲು 1976ರಿಂದ ವಿಶೇಷ ಪರವಾನಗಿಗಳನ್ನು ಕೊಡಲಾಗುತ್ತಿತ್ತು. ಆ ಬೇಟೆಯಲ್ಲಿ ಹೆಚ್ಚಾಗಿ ಬೀಳುತ್ತಿದ್ದುದು ಹೆಣ್ಣು ಎಲ್ಕ್. ತೋಳ ಕೊಂದ ಹೆಣ್ಣು ಎಲ್ಕ್‌ಗಳ ಸರಾಸರಿ ವಯಸ್ಸು 14ರ ಸಮೀಪವಿದ್ದರೆ, ಬೇಟೆಗಾರ ಹೊಡೆದವುಗಳದು 6ರಿಂದ 7 ವರ್ಷ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತೋಳ ಗರ್ಭ ನಿಂತ ಮುದಿ ಎಲ್ಕ್‌ಅನ್ನು ತಿಂದಿತು, ಬೇಟೆಗಾರ ಇನ್ನೂ ಹಲವು ಕರು ಹಾಕಬೇಕಾಗಿದ್ದುದನ್ನು ತಂದ. ಹಿಂಡಿನ ಭವಿಷ್ಯದ ದೃಷ್ಟಿಯಿಂದ ಎರಡೂ ಸಾವು ಒಂದೇ ಅಲ್ಲ. ಹಿಂಡು ಕುಗ್ಗಿದಂತೆ ಪರವಾನಗಿಗಳನ್ನೂ ಕಡಿತಗೊಳಿಸಿ ಕೊನೆಗೆ ಆ ಬೇಟೆಯನ್ನೇ ನಿಲ್ಲಿಸಲಾಯಿತು. ತಂದೆಯ ಜೊತೆ ಅಲ್ಲಿಗೆ ಹೋಗುತ್ತಿದ್ದ ಮಗನಿಗೆ ತಿಳಿದುದು ಇಷ್ಟೇ: ತೋಳ ಬಂದ ಮೇಲೆ ನಮ್ಮ ಬೇಟೆ ನಿಂತಿತು. ಅನುಭವದ ಮಟ್ಟದಲ್ಲಿ ಈ ಮಾತು ನಿಜ.

ಇಲ್ಲಿ ಜಾನಪದ ವಿದ್ವಾಂಸನಿಗೆ ಒಂದು ಎಚ್ಚರ ಬೇಕು. ವಿಜ್ಞಾನಿಯ ಅಂಕಿ ಜ್ಞಾನ, ಬೇಟೆಗಾರನ ಮಾತು ನಂಬಿಕೆ ಎಂದು ವಿಂಗಡಿಸಿಬಿಡುವುದು ಸುಲಭ. ಬೇಟೆಗಾರ ‘ಎಲ್ಕ್ ಇಲ್ಲ’ ಎಂದಾಗ ಅವನು ವಾಸ್ತವವಾಗಿ ಹೇಳುತ್ತಿರುವುದು ‘ನಾನು ಹೋಗುವ ಕಣಿವೆಯಲ್ಲಿ, ನಾನು ಹೋಗುವ ತಿಂಗಳಲ್ಲಿ, ನನಗೆ ಕಾಣುತ್ತಿಲ್ಲ’ ಎಂದು. ತೋಳಗಳು ಹತ್ತಿರವಿದ್ದಾಗ ಎಲ್ಕ್‌ಗಳು ಬಯಲನ್ನು ಬಿಟ್ಟು ದಟ್ಟ ಮರಗಳ ನಡುವೆ ಸರಿಯುತ್ತವೆ ಎಂಬುದನ್ನು ಜೀವವಿಜ್ಞಾನಿಗಳೂ ದಾಖಲಿಸಿದ್ದಾರೆ. ಬೆದೆಯ ಕಾಲದಲ್ಲಿ ಗಂಡು ಎಲ್ಕ್ ಮೊದಲಿನಂತೆ ಕೂಗುವುದಿಲ್ಲವೆಂಬುದು ಬೇಟೆಗಾರರ ಸಾಮಾನ್ಯ ದೂರು. ಆ ಕೂಗನ್ನು ಅನುಕರಿಸಿ ಪ್ರಾಣಿಯನ್ನು ಹತ್ತಿರ ಕರೆಯುವುದೇ ಅವರ ಕುಶಲತೆಯಾದ್ದರಿಂದ, ಈ ಮೌನ ಅವರಿಗೆ ಪರಂಪರಾಗತ ವಿದ್ಯೆಯೊಂದರ ನಷ್ಟ. ಇಲಾಖೆಯವರು ವಿಮಾನದಿಂದ ಎಣಿಸುತ್ತಾರೆ, ಬೇಟೆಗಾರ ಕಿವಿಯಿಂದ, ಹೆಜ್ಜೆ ಗುರುತಿನಿಂದ ಎಣಿಸುತ್ತಾನೆ. ಅವನ ತಿಳಿವಳಿಕೆ ಸ್ಥಳದ ಬಗ್ಗೆ, ಪ್ರಾಣಿಯ ನಡೆಯ ಬಗ್ಗೆ ಬಹುತೇಕ ಸರಿ. ಅದು ಎಡವುವುದು ಕಾರಣವನ್ನು ಹೇಳುವಾಗ.

ಮೊಂಟಾನಾದ ಬಿಟರ್‌ರೂಟ್ ಕಣಿವೆಯ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಎಲ್ಕ್ ಕರುಗಳು ಉಳಿಯುತ್ತಿಲ್ಲವೆಂದು, ಅದಕ್ಕೆ ತೋಳವೇ ಕಾರಣವೆಂದು ಬೇಟೆಗಾರರು ದೃಢವಾಗಿ ನಂಬಿದ್ದರು. 2011ರಲ್ಲಿ ಆರಂಭವಾದ ಅಧ್ಯಯನದಲ್ಲಿ ಕರುಗಳನ್ನು ಅತಿ ಹೆಚ್ಚು ಕೊಲ್ಲುತ್ತಿದ್ದುದು ಪೂಮಾ ಎಂದು ತಿಳಿದುಬಂತು. ಕರುಗಳು ಉಳಿಯುತ್ತಿಲ್ಲವೆಂಬ ಅವರ ಅವಲೋಕನ ಸರಿಯಾಗಿತ್ತು, ಆರೋಪಿ ಬೇರೆಯಾಗಿದ್ದ. ಪೂಮಾ ಒಂಟಿ ಪ್ರಾಣಿ, ಸದ್ದಿಲ್ಲದೆ ಕೊಂದು ಬೇಟೆಯನ್ನು ಸೊಪ್ಪುಸದೆಗಳಿಂದ ಮುಚ್ಚಿಡುತ್ತದೆ. ತೋಳ ಗುಂಪಾಗಿ ಬರುತ್ತದೆ, ಊಳಿಡುತ್ತದೆ, ಬಯಲಿನಲ್ಲೇ ತಿನ್ನುತ್ತದೆ. ಕಣ್ಣಿಗೂ ಕಿವಿಗೂ ಬಿದ್ದುದು ಕಥೆಯಾಗುತ್ತದೆ.

ಐಡಾಹೋದ ಲೋಲೋ ಪ್ರದೇಶದಲ್ಲಿ ಮಾತ್ರ ಬೇಟೆಗಾರರ ವಾದಕ್ಕೆ ಹೆಚ್ಚು ಬಲವಿದೆ. 1910ರ ಮಹಾ ಕಾಡ್ಗಿಚ್ಚಿನಿಂದ ಅಲ್ಲಿ ಕಾಡು ತೆರೆದುಕೊಂಡು ಪೊದೆಸಸ್ಯಗಳು ಬೆಳೆದು ಎಲ್ಕ್‌ಗಳಿಗೆ ಸಮೃದ್ಧ ಮೇವು ಒದಗಿತ್ತು. ದಶಕಗಳು ಕಳೆದಂತೆ ಮರಗಳು ಮತ್ತೆ ಮುಚ್ಚಿಕೊಂಡು ಮೇವು ಕುಗ್ಗಿತು. 1980ರ ದಶಕದ ಕೊನೆಯಲ್ಲಿ ಸುಮಾರು 16,000 ಇದ್ದ ಎಲ್ಕ್ ಇಳಿಯತೊಡಗಿದ್ದು ತೋಳ ಬರುವ ಮೊದಲೇ. 2010ರ ಹೊತ್ತಿಗೆ ಅವು ಎರಡು ಸಾವಿರದ ಆಸುಪಾಸಿನಲ್ಲಿದ್ದವು. ಆದರೆ ಕ್ಷೀಣಿಸಿದ ಆ ಹಿಂಡು ಮತ್ತೆ ಏಳದಂತೆ ಮಾಡುತ್ತಿರುವುದರಲ್ಲಿ ತೋಳದ ಪಾಲು ದೊಡ್ಡದೆಂದು ರಾಜ್ಯದ ಇಲಾಖೆಯೇ ಹೇಳಿದೆ. ಇಡೀ ಐಡಾಹೋದಲ್ಲಿ ಎಲ್ಕ್ ಇಂದಿಗೂ ಲಕ್ಷದ ಮೇಲಿದೆಯೆಂಬ ಮಾತು ಲೋಲೋದ ಬೇಟೆಗಾರನಿಗೆ ಸಮಾಧಾನ ತರಲಾರದು. ಅವನ ಕಣಿವೆ ಅದಲ್ಲ. ತೋಳದ ಪರವಾಗಿ ಬರೆಯುವವರು ಇದನ್ನು ಹಾರಿಸಿಬಿಡುವುದು ನನಗೆ ಸರಿಯೆನಿಸುವುದಿಲ್ಲ.

ಈ ವಾದದ ಸುತ್ತ ಬೆಳೆದಿರುವ ಜಾನಪದ ಸಾಮಗ್ರಿ ಹೇರಳವಾಗಿದೆ. ಅದರಲ್ಲಿ ಮುಖ್ಯವಾದುದು ‘ಕೆನಡಾದ ತೋಳ’ ಎಂಬ ಐತಿಹ್ಯ. ಇಲ್ಲಿ ಹಿಂದೆ ಇದ್ದುದು ಸಣ್ಣ, ಸಾಧು ತೋಳ. ಸರಕಾರ ತಂದು ಬಿಟ್ಟದ್ದು ದೈತ್ಯಾಕಾರದ ಪರದೇಶದ ತಳಿ ಎಂಬುದು ಅದರ ಸಾರ. ತೋಳಕ್ಕೆ ದೇಶಗಳ ಗಡಿ ತಿಳಿಯದು, ಎರಡೂ ಕಡೆಯ ತೋಳಗಳ ಗಾತ್ರದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ ಎಂದು ಜೀವವಿಜ್ಞಾನಿಗಳು ಹೇಳುತ್ತ ಬಂದರೂ ಐತಿಹ್ಯ ಅಳಿದಿಲ್ಲ. ಅದು ತೋಳದ ಕಥೆಯಷ್ಟೇ ಆಗಿದ್ದರೆ ಅಳಿಯುತ್ತಿತ್ತೇನೋ; ದೂರದ ರಾಜಧಾನಿಯಲ್ಲಿ ಕುಳಿತವರು ನಮ್ಮನ್ನು ಕೇಳದೆ ತೀರ್ಮಾನಿಸಿದರೆಂಬ ಅಸಮಾಧಾನಕ್ಕೆ ಅದು ಶರೀರ ಕೊಟ್ಟಿದೆ. ತೋಳ ಹಸಿವಿಗಲ್ಲ, ಮೋಜಿಗಾಗಿ ಕೊಲ್ಲುತ್ತದೆ ಎಂಬುದು ಇನ್ನೊಂದು. 2016ರ ಮಾರ್ಚಿನಲ್ಲಿ ವಯೋಮಿಂಗ್‌ನ ಬಾಂಡುರಂಟ್ ಬಳಿ ಚಳಿಗಾಲದ ಮೇವಿನ ತಾಣವೊಂದರಲ್ಲಿ ಒಂದೇ ರಾತ್ರಿ 19 ಎಲ್ಕ್‌ಗಳು ತೋಳಗಳಿಗೆ ಬಲಿಯಾದವು. ಅಪರೂಪದ ಈ ನೈಜ ಘಟನೆ ಕಥನದಲ್ಲಿ ತೋಳದ ನಿತ್ಯದ ಸ್ವಭಾವವಾಗಿ ನಿಂತಿತು. ಕಾನೂನನ್ನು ಮೀರಿ ತೋಳವನ್ನು ಕೊಲ್ಲುವುದನ್ನು ಸೂಚಿಸುವ ಮೂರು ಮಾತಿನ ನುಡಿಗಟ್ಟೊಂದಿದೆ. ಕನ್ನಡದಲ್ಲಿ ಅದನ್ನು ‘ಗುಂಡು ಹಾರಿಸು, ಗುಂಡಿ ತೋಡು, ಬಾಯಿ ಮುಚ್ಚು’ ಎನ್ನಬಹುದು. ಪ್ರಾಸವುಳ್ಳ ಈ ಮಾತು ಗಾದೆಯ ಎಲ್ಲ ಲಕ್ಷಣಗಳನ್ನು ಹೊಂದಿದೆ.

ಐತಿಹ್ಯಗಳು ಒಂದೇ ಪಕ್ಷದ ಸೊತ್ತಲ್ಲ. ತೋಳ ಬಂದು ಎಲ್ಕ್‌ಅನ್ನು ಬೆದರಿಸಿತು, ನದಿದಂಡೆಯ ವಿಲ್ಲೋ ಗಿಡ ಚಿಗುರಿತು, ಬೀವರ್ ಬಂದಿತು, ಕೊನೆಗೆ ನದಿಯೇ ದಾರಿ ಬದಲಿಸಿತು ಎಂಬ ಕಥನ 2014ರಿಂದೀಚೆಗೆ ಒಂದು ಕಿರುಚಿತ್ರದ ಮೂಲಕ ಲೋಕವ್ಯಾಪಿಯಾಯಿತು. ಇದರಲ್ಲಿ ಎಷ್ಟು ಭಾಗ ನಿಜವೆಂಬ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಬೇಟೆಗಾರನ ಕಥೆಯಲ್ಲಿ ಒಂದೇ ಪ್ರಾಣಿ ಎಲ್ಲವನ್ನೂ ಕೆಡಿಸುತ್ತದೆ, ಇಲ್ಲಿ ಅದೇ ಪ್ರಾಣಿ ಎಲ್ಲವನ್ನೂ ಸರಿಪಡಿಸುತ್ತದೆ. ಕಥನದ ಬಂಧ ಒಂದೇ.

ಎಲ್ಲ ಬೇಟೆಗಾರರೂ ಒಂದೇ ಪಕ್ಷದವರೂ ಅಲ್ಲ. ವಿಸ್ಕಾನ್ಸಿನ್ ರಾಜ್ಯದ ಉತ್ತರಭಾಗದಲ್ಲಿ ವಿವಾದದ ವಸ್ತು ಬಿಳಿಬಾಲದ ಜಿಂಕೆ. ಅಲ್ಲಿಯ ಒಜಿಬ್ವೆ ಬುಡಕಟ್ಟಿನವರು ಜಿಂಕೆಯ ಬೇಟೆಗಾರರೇ. ತಾವು ಬಿಟ್ಟುಕೊಟ್ಟ ನೆಲದಲ್ಲೂ ಬೇಟೆಯಾಡುವ ಹಕ್ಕು ತಮಗಿದೆಯೆಂಬುದನ್ನು 1983ರಲ್ಲಿ ನ್ಯಾಯಾಲಯದಲ್ಲಿ ಗೆದ್ದುಕೊಂಡವರು. ಅವರ ಸೃಷ್ಟಿಪುರಾಣದಲ್ಲಿ ‘ಮೈಂಗನ್’, ಅಂದರೆ ತೋಳ, ಆದಿಮಾನವನ ಒಡಹುಟ್ಟು. ಇಬ್ಬರೂ ಜೊತೆಯಾಗಿ ಭೂಮಿಯನ್ನು ಸುತ್ತಿ ಎಲ್ಲಕ್ಕೂ ಹೆಸರಿಟ್ಟರು. ಒಬ್ಬನಿಗೆ ಆದುದು ಇನ್ನೊಬ್ಬನಿಗೂ ಆಗುತ್ತದೆಂಬ ಮಾತು ಅವರಿಗೆ ಸಿಕ್ಕಿತು. 2021ರ ಫೆಬ್ರುವರಿಯಲ್ಲಿ ರಾಜ್ಯ 200 ತೋಳಗಳ ಬೇಟೆಗೆ ಅನುಮತಿ ಕೊಟ್ಟು ಅದರಲ್ಲಿ 81ನ್ನು ಒಜಿಬ್ವೆಯವರಿಗೆ, 119ನ್ನು ಇತರರಿಗೆ ಹಂಚಿತು. ಒಜಿಬ್ವೆಯವರು ತಮ್ಮ ಪಾಲನ್ನು ಕೊಲ್ಲದೆ ಉಳಿಸಲು ಬಯಸಿದ್ದರು. ಮೂರು ದಿನ ತುಂಬುವುದರೊಳಗೆ ಇತರರು 218 ತೋಳಗಳನ್ನು ಕೊಂದರು. ಐಡಾಹೋದಲ್ಲಿಯೂ ಹೀಗೆಯೇ: 1995ರಲ್ಲಿ ರಾಜ್ಯದ ಶಾಸನಸಭೆ ತೋಳದ ಕೆಲಸದಿಂದ ಹಿಂದೆಗೆದಾಗ ಅದನ್ನು ವಹಿಸಿಕೊಂಡವರು ಎಲ್ಕ್ ಬೇಟೆಯನ್ನು ಬದುಕಿನ ಭಾಗವಾಗಿಸಿಕೊಂಡ ನೆಜ್ ಪರ್ಸ್ ಜನ. ಜಿಂಕೆಯ ಮಾಂಸ ಇಬ್ಬರಿಗೂ ಬೇಕು. ಹಂಚಿಕೊಳ್ಳುವವರಲ್ಲಿ ತೋಳವೂ ಒಬ್ಬನೇ ಎಂಬಲ್ಲಿ ಭಿನ್ನಾಭಿಪ್ರಾಯ.

ಹಾಗಾದರೆ ಎಲ್ಕ್ ಯಾರದು? ಬಿಳಿಯ ಬೇಟೆಗಾರನ ಉತ್ತರಕ್ಕೂ ಇತಿಹಾಸದ ಆಧಾರವಿದೆ. 1937ರ ಕಾಯಿದೆಯಂತೆ ಬಂದೂಕು ಮತ್ತು ಗುಂಡುಗಳ ಮೇಲಿನ ತೆರಿಗೆ ವನ್ಯಜೀವಿ ರಕ್ಷಣೆಗೆ ಸಲ್ಲುತ್ತದೆ, ಪರವಾನಗಿಯ ಶುಲ್ಕದಿಂದ ರಾಜ್ಯಗಳ ಇಲಾಖೆಗಳು ನಡೆಯುತ್ತವೆ. ಅಳಿಯುತ್ತಿದ್ದ ಎಲ್ಕ್‌ಅನ್ನು ಉಳಿಸಿದ್ದು ನಮ್ಮ ಹಣ, ತೋಳ ಒಂದು ಕಾಸನ್ನೂ ಕೊಟ್ಟಿಲ್ಲ ಎಂದು ಅವನು ಹೇಳುವುದರಲ್ಲಿ ಹಾಸ್ಯವಿದ್ದಷ್ಟೇ ಸತ್ಯವೂ ಇದೆ. ಈ ಮಾತುಗಳು ಬೆಂಕಿಯ ಸುತ್ತಲೇ ಉಳಿಯಲಿಲ್ಲ. 2011ರಲ್ಲಿ ಅಮೆರಿಕದ ಸಂಸತ್ತು ಆಯವ್ಯಯದ ಮಸೂದೆಯೊಂದಕ್ಕೆ ವಾಕ್ಯವೊಂದನ್ನು ಸೇರಿಸಿ ಮೊಂಟಾನಾ, ಐಡಾಹೋಗಳ ತೋಳವನ್ನು ರಕ್ಷಿತ ಪ್ರಾಣಿಗಳ ಪಟ್ಟಿಯಿಂದ ತೆಗೆಯಿತು. 2021ರಲ್ಲಿ ಆ ಎರಡೂ ರಾಜ್ಯಗಳು ತೋಳಬೇಟೆಯ ನಿಯಮಗಳನ್ನು ಇನ್ನಷ್ಟು ಸಡಿಲಿಸಿದವು. ಎಲ್ಕ್ ಇಳಿದುದರ ಬಗೆಗಿನ ಕಥನ ಹೀಗೆ ಶಾಸನದ ಭಾಷೆಯನ್ನು ಪ್ರವೇಶಿಸಿತು. ಇತ್ತ ಯೆಲ್ಲೋಸ್ಟೋನಿನ ಉತ್ತರದ ಹಿಂಡು ತೋಳಗಳಿದ್ದೂ 2013ರ ನಂತರ ಚೇತರಿಸಿಕೊಂಡು 2018ರಲ್ಲಿ ಎಣಿಕೆ ಏಳು ಸಾವಿರವನ್ನು ದಾಟಿತ್ತು.

ನಮ್ಮ ಉತ್ತರ ಕರ್ನಾಟಕದ ಬಯಲಿನಲ್ಲಿ ತೋಳವೂ ಇದೆ, ಅದರ ಸಹಜ ಆಹಾರವಾದ ಚಿಗರಿಯೂ ಇದೆ. ಆದರೆ ತೋಳ ಚಿಗರಿಯನ್ನು ಕಡಿಮೆ ಮಾಡಿತೆಂದು ಇಲ್ಲಿ ಯಾರೂ ದೂರುವುದಿಲ್ಲ. ಚಿಗರಿ ಬೆಳೆ ಮೇಯಿತೆಂದು ರೈತ, ತೋಳ ಮರಿ ಒಯ್ದಿತೆಂದು ಕುರಿಗಾಹಿ ದೂರುತ್ತಾರೆ. ಇಬ್ಬರ ಲೆಕ್ಕವೂ ಬೇರೆ, ಇಬ್ಬರೂ ಪಕ್ಕದ ಹೊಲದವರು. ತೋಳವನ್ನು ಕುರಿತ ಗಾದೆಗಳನ್ನೂ ಕಥೆಗಳನ್ನೂ ನಾವು ಸಾಕಷ್ಟು ಸಂಗ್ರಹಿಸಿದ್ದೇವೆ. ಯಾವ ತಿಂಗಳು, ಯಾವ ಊರಿನ ಹೊರಗೆ, ಹಟ್ಟಿಯಲ್ಲಿ ಎಷ್ಟು ಕುರಿ ಇದ್ದಾಗ, ಎಷ್ಟು ಮರಿ ಹೋದವು, ಒಯ್ದದ್ದು ತೋಳವೋ ಬೀದಿನಾಯಿಯೋ ಎಂದು ಕುರಿಗಾಹಿ ಹೇಗೆ ಗುರುತಿಸಿದ ಎಂಬ ವಿವರಗಳನ್ನು ಕೇಳಿ ಬರೆದುಕೊಳ್ಳುವ ಕ್ಷೇತ್ರಕಾರ್ಯ ಇನ್ನು ನಡೆಯಬೇಕಾಗಿದೆ.