ಕುರ್ಲಾದಿಂದ ಕಾಣದ ಕಡಲು

ಪರಶುರಾಮನು ಕೊಡಲಿಯನ್ನೆಸೆಯಲು ಸಮುದ್ರರಾಜನು ಹಿಂದೆ ಸರಿದು ನೆಲವನ್ನು ಬಿಟ್ಟುಕೊಟ್ಟನೆಂಬ ಕಥೆಯನ್ನು ಕರಾವಳಿಯಿಂದ ಬಂದ ನಾವೆಲ್ಲರೂ ಬಾಲ್ಯದಲ್ಲಿಯೇ ಕೇಳಿದವರು. ಪುರಾಣದ ಆ ಸಮುದ್ರವು ಗದರಿಸಿದರೆ ಮಣಿಯುವಂಥದು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯ ಸಮುದ್ರವಾದರೋ ಬೇರೆ. ಕೋಟದ ಬಳಿಯ ಕೋಡಿಯಲ್ಲಿ ಒಂದು ಪಕ್ಕಕ್ಕೆ ಹೊಳೆ, ಇನ್ನೊಂದು ಪಕ್ಕಕ್ಕೆ ಕಡಲು. ನಡುವಣ ಮರಳುನೆಲದಲ್ಲಿ ಐತಾಳರ ಮನೆತನದ ಮೂರು ತಲೆಮಾರು ಬಾಳುತ್ತದೆ. ಅಲ್ಲಿ ಕಡಲೆಂಬುದು ಬರಿಯ ವರ್ಣನೆಯ ವಸ್ತುವಲ್ಲ; ಅದರ ಉಪ್ಪನ್ನೂ ಮಳೆಗಾಲದ ನೆರೆಯನ್ನೂ ಲೆಕ್ಕಕ್ಕೆ ಹಿಡಿದೇ ಬೇಸಾಯ ಸಾಗಬೇಕು. ಬೆಂಗಳೂರಿಗೆ ಹೋಗಿ ಹೋಟೆಲಿಟ್ಟು ಹಣವಂತರಾದವರೂ ಆ ಕಾದಂಬರಿಯಲ್ಲಿದ್ದಾರೆ. ನಮ್ಮ ಕಸುಬಿನವರು ಬಹುಶಃ ಅಷ್ಟನ್ನೇ ನೆನಪಿಡುತ್ತಾರೆ! ಮೊಮ್ಮಗ ರಾಮನು ಮುಂಬಯಿಯನ್ನೂ ಕಂಡು, ಕೊನೆಗೆ ಕೋಡಿಗೇ ಮರಳುತ್ತಾನೆ.

ಮುಂಬಯಿ ನಗರವು ಅನುಸರಿಸಿದ್ದು ಪರಶುರಾಮನನ್ನು. ಏಳು ದ್ವೀಪಗಳ ನಡುವಣ ನೀರನ್ನು ತುಂಬಿ ಅದು ಬೆಳೆಯಿತು. ಕುರ್ಲಾದ ನಮಗೆ ಸಮುದ್ರವು ಕಣ್ಣಿಗೆ ಬೀಳುವುದಿಲ್ಲ. ಆದರೆ ಇಲ್ಲಿಂದ ಹರಿದು ಮಾಹಿಮ್ ಖಾರಿಯನ್ನು ಸೇರುವ ಮೀಠಿ ನದಿಯ ಬಾಯಿಂದ ಉಬ್ಬರದ ನೀರು ಒಳಬರುತ್ತದೆ. ಆ ನೀರಿಗೆ ಎಡೆಗೊಡುತ್ತಿದ್ದ ಕಾಂಡ್ಲಾ ಗಿಡಗಳ ಜವುಗುನೆಲವನ್ನು ವರ್ಷವರ್ಷವೂ ಮಣ್ಣು ಹಾಕಿ ತುಂಬುತ್ತ ಬಂದರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಉಬ್ಬರವೂ ಅದೇ ಮಧ್ಯಾಹ್ನ ಎದುರಾಯಿತು. ಮೀಠಿಯು ಕುರ್ಲಾದ ಮನೆ, ಅಂಗಡಿಗಳೊಳಗೆ ನುಗ್ಗಿತು.

ಪಾಳಿ ಮುಗಿಸಿದ ತಮ್ಮಂದಿರು ಈ ಪುಸ್ತಕವನ್ನು ಗ್ರಂಥಾಲಯದಲ್ಲಿ ಕೇಳಿ ಪಡೆದು, ಅದರ ಮಳೆಗಾಲದ ಪುಟಗಳನ್ನು ಈ ಸಲ ಮೀಠಿಯ ದಂಡೆಯವರಾಗಿ ಓದಬೇಕೆಂದು ನಮ್ಮ ಬಿನ್ನಹ.