ಮನೆಯ ಗಣಕಯಂತ್ರಕ್ಕೆ ಯಾವ ಪ್ರೊಸೆಸರ್?

ಪ್ರೊಸೆಸರ್ ಕೊಳ್ಳುವವರು ಅದರ ಹೆಸರಿನ ಕೊನೆಯ ಅಕ್ಷರವನ್ನೂ ಗಮನಿಸುವುದು ಒಳಿತು. ಎಎಂಡಿ ಸಂಸ್ಥೆಯ ರೈಜೆನ್ 5 5600ಜಿ (2021) ಹಾಗೂ ರೈಜೆನ್ 5 5600 (2022) ಇದಕ್ಕೆ ನಿದರ್ಶನ. ಎರಡರಲ್ಲಿಯೂ 6 ಕೋರ್‌ಗಳು; ಗರಿಷ್ಠ ವೇಗವೂ ಒಂದೇ, 4.4 ಗಿಗಾಹರ್ಟ್ಸ್.

5600ಜಿಯಲ್ಲಿ ಗ್ರಾಫಿಕ್ಸ್ ಘಟಕವೂ ಅಡಕವಾಗಿದೆ. ಮಕ್ಕಳ ಪಾಠ, ಪತ್ರವ್ಯವಹಾರ, ಚಲನಚಿತ್ರ, ಹಗುರವಾದ ಆಟಗಳಿಗೆ ಅದು ಸಾಕು. 5600ರಲ್ಲಿ ಆ ಘಟಕವಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆಯ ಮೇಲೆ ಏನೂ ಮೂಡದು. ಆದರೆ ಅದರ ಎಲ್3 ಕ್ಯಾಶ್ 32 ಎಂಬಿ. 5600ಜಿಯದು 16 ಎಂಬಿ ಮಾತ್ರ. ಆಟಕ್ಕೆ ಬೇಕಾದ ಮಾಹಿತಿ ಸನಿಹದಲ್ಲಿಯೇ ದೊರೆಯುವುದರಿಂದ, ಉತ್ತಮ ಕಾರ್ಡಿನೊಡನೆ ಭಾರೀ ಆಟಗಳಲ್ಲಿ 5600 ಮುಂದಿರುತ್ತದೆ.

ಆದ್ದರಿಂದ ಕಾರ್ಡಿಗೂ ಹಣ ತೆಗೆದಿರಿಸಿದವರಿಗೆ 5600 ಸೂಕ್ತ. ಉಳಿದವರು 5600ಜಿಯನ್ನು ಆರಿಸಿಕೊಂಡರೆ, ಕಾರ್ಡನ್ನು ಮುಂದೆ ಅನುಕೂಲವಾದಾಗ ಸೇರಿಸಿಕೊಳ್ಳಬಹುದು.