ಕೂಸಿನ ಜೊತೆ ಕನ್ನಡ ಬಿಡಬೇಡಿ

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಟೀವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಪುಣೆಯಲ್ಲೇ ಹುಟ್ಟಿ ಬೆಳೆದ ನಿಮಗೆ ಇದೇನೂ ಹೊಸದಲ್ಲ. "ಅಜ್ಜಿ, ಹಸಿವಾಗೇದ" ಎಂದು ಒಳಗೆ ಹೇಳಿ, ಮರುಕ್ಷಣವೇ ಕಿಟಕಿಯಲ್ಲಿ ನಿಂತು ಗೆಳೆಯನನ್ನು ಮರಾಠಿಯಲ್ಲಿ ಕೂಗುವವರು ನೀವು. ಆದರೆ ನಮ್ಮವರ ಮನೆಯಲ್ಲಿ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದರೆ ತಂದೆತಾಯಿಗೆ ಬೇಗನೆ ಸಿಗುವ ಸಲಹೆಗಳಲ್ಲಿ ಒಂದು, "ಒಂದೇ ಭಾಷೆ ಸಾಕು, ಇಲ್ಲದಿದ್ದರೆ ಮಗುವಿಗೆ ಗೊಂದಲ." ಶಾಲೆಗೆ ಇಂಗ್ಲಿಷ್ ಬೇಕು, ನೆರೆಹೊರೆಗೆ ಮರಾಠಿ ಬೇಕು. ಹೋಗುವುದು ಕನ್ನಡವೇ!

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗೇ ಆಯಿತು. ಕನ್ನಡ ಬಿಟ್ಟು ಬೇರೆ ಮಾತು ಬಾರದ ಅಜ್ಜಿ ಮೊಮ್ಮಗಳ ಎದುರು ಬಾಯಿ ಕಟ್ಟಿಕೊಂಡು ಕುಳಿತರು. ದಿನವಿಡೀ ಕೂಸಿನ ಹತ್ತಿರ ಇರುತ್ತಿದ್ದವರು ಮಾತ್ರ ಅವರೊಬ್ಬರೇ.

ನಾನು ಡಾಕ್ಟರಲ್ಲ, ಬಿ.ಎ.ಯಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಆದರೂ ಈ ಸಲಹೆ ಸರಿಯೇ ಎಂದು ಹುಡುಕಿ ಓದಿದೆ. ಕೆನಡಾದ ಎಲಿಜಬೆತ್ ಕೇ-ರೈನಿಂಗ್ ಬರ್ಡ್ ಮತ್ತು ಸಂಗಡಿಗರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು ಭಾಷೆಯ ಮನೆಯಲ್ಲಿ ಬೆಳೆದ ಡೌನ್ ಸಿಂಡ್ರೋಮ್ ಮಕ್ಕಳ ಇಂಗ್ಲಿಷ್, ಬರೀ ಇಂಗ್ಲಿಷಿನಲ್ಲೇ ಬೆಳೆದ ಅಂಥದೇ ಮಕ್ಕಳ ಇಂಗ್ಲಿಷಿಗಿಂತ ಕಡಿಮೆಯೇನೂ ಇರಲಿಲ್ಲ. ಎರಡನೆಯ ಭಾಷೆ ಅವರಿಗೆ ಮೇಲಿನ ಲಾಭ. ಅಧ್ಯಯನ ಸಣ್ಣದು, ನಿಜ. ಆದರೆ ಆಮೇಲಿನ ಕೆಲಸಗಳೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿವೆ. ಮಾತು ತಡವಾಗುವುದು ಕನ್ನಡದಿಂದಲ್ಲ, ಡೌನ್ ಸಿಂಡ್ರೋಮಿನಿಂದ.

ಹಾಗೆಂದರೇನು? ನಮ್ಮ ಜೀವಕೋಶಗಳಲ್ಲಿ ವರ್ಣತಂತುಗಳ 23 ಜೋಡಿ ಇರುತ್ತವೆ. ಈ ಮಕ್ಕಳಲ್ಲಿ 21ನೆಯದು ಎರಡರ ಬದಲು ಮೂರು. (ಮಾರ್ಚ್ 21ರಂದು ವಿಶ್ವ ಡೌನ್ ಸಿಂಡ್ರೋಮ್ ದಿನ ಆಚರಿಸುವುದು ಇದಕ್ಕೇ.) 1866ರಲ್ಲಿ ಇಂಗ್ಲೆಂಡಿನ ಡಾ. ಜಾನ್ ಲ್ಯಾಂಗ್ಡನ್ ಡೌನ್ ಇದನ್ನು ವರ್ಣಿಸಿದರು. ಕಾರಣ ತಿಳಿದದ್ದು 1959ರಲ್ಲಿ, ಫ್ರಾನ್ಸಿನಲ್ಲಿ. ತಾಯಿಯ ವಯಸ್ಸು ಹೆಚ್ಚಿದಂತೆ ಸಾಧ್ಯತೆ ಹೆಚ್ಚುತ್ತದೆ, ಆದರೆ ಇಪ್ಪತ್ತರ ಹರೆಯದ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೋ ಬಸುರಿಯಲ್ಲಿ ತಿಂದದ್ದಕ್ಕೋ ಇದು ಬರುವುದಿಲ್ಲ. ಸೊಸೆಯನ್ನು ದೂರುವ ಹಿರಿಯರಿದ್ದರೆ ಇದನ್ನು ಓದಿ ಹೇಳಿ, ಸ್ವಲ್ಪ ಗಟ್ಟಿಯಾಗಿಯೇ ಓದಿ.

ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ, ಬಹಳಷ್ಟನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಥೈರಾಯ್ಡ್, ಕಣ್ಣು, ಕಿವಿ ಇವನ್ನು ಆಗಾಗ ಪರೀಕ್ಷಿಸುತ್ತಿರಬೇಕು. ಅದರಲ್ಲೂ ಕಿವಿ! ನೆಗಡಿಯಾದಾಗಲೆಲ್ಲ ಕಿವಿಯೊಳಗೆ ನೀರು ತುಂಬಿ ಅರ್ಧಂಬರ್ಧ ಕೇಳುವ ಮಗುವಿಗೆ ಯಾವ ಭಾಷೆಯಾದರೂ ಹೇಗೆ ಬಂದೀತು? 1983ರ ಸುಮಾರಿಗೆ ಅಮೆರಿಕದಲ್ಲಿ ಇವರ ಸರಾಸರಿ ಆಯುಸ್ಸು 25 ವರ್ಷವಿತ್ತು, ಈಗ 60ರ ಆಸುಪಾಸು.

ಈ ಮಕ್ಕಳಿಗೆ ಆಡಲು ಬರುವುದಕ್ಕಿಂತ ಅರ್ಥವಾಗುವುದು ಹೆಚ್ಚು. ಮೈ ಮೆತ್ತಗಿರುವುದರಿಂದ ನಾಲಿಗೆ ತುಟಿಗಳೂ ಬೇಗ ಮಾತು ಕೇಳುವುದಿಲ್ಲ. ಅದಕ್ಕೇ ಚಿಕ್ಕ ವಾಕ್ಯ ಹೇಳಿ, ಕೈಸನ್ನೆಯನ್ನೂ ಸೇರಿಸಿ, ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಕಾಯಿರಿ. ನಾವು ಅವಸರದವರು, ಮೂರಕ್ಕೇ ಉತ್ತರ ನಾವೇ ಹೇಳಿಬಿಡುತ್ತೇವೆ. ಕಿವಿಯಿಂದ ಕೇಳಿದ್ದಕ್ಕಿಂತ ಕಣ್ಣಿನಿಂದ ಕಂಡದ್ದು ಇವರಿಗೆ ಚೆನ್ನಾಗಿ ನೆನಪಿರುತ್ತದೆ. ಇಂಗ್ಲೆಂಡಿನ ಲೆಸ್ಲಿ ಡಫೆನ್ ಎಂಬ ತಂದೆ ತನ್ನ ಮಗಳು ಸಾರಾಗೆ ಮೂರನೆಯ ವಯಸ್ಸಿನಿಂದಲೇ ಪದಗಳ ಚೀಟಿ ತೋರಿಸಿ ಓದಲು ಕಲಿಸಿದ. ಅವನು 1980ರಲ್ಲಿ ಬರೆದ ಪತ್ರದಿಂದಲೇ ಪೋರ್ಟ್ಸ್‌ಮತ್‌ನ ಸ್ಯೂ ಬಕ್ಲಿಯವರ ಸಂಶೋಧನೆ ಶುರುವಾಯಿತು. ನೀವೂ ಒಂದು ಭಾನುವಾರ ಕೂತು ರಟ್ಟಿನ ಮೇಲೆ "ಅಜ್ಜಿ", "ಹಾಲು", "ಚೆಂಡು" ಎಂದು ದಪ್ಪಗೆ ಬರೆದುಕೊಡಿ. ಅಆಇಈ ಆಮೇಲೆ ಬರಲಿ. ಅಡುಗೆಮನೆಯಲ್ಲಿ ಬಟಾಣಿ ಸುಲಿಯಲಿ, ಹಿಟ್ಟು ನಾದಲಿ, ಪೆನ್ಸಿಲ್ ಹಿಡಿಯುವ ಬೆರಳಿಗೆ ಬಲ ಬರುವುದು ಅಲ್ಲಿಂದಲೇ.

ಪುಣೆಯಲ್ಲಿ ನೆರವಿಗೆ ಬರವಿಲ್ಲ. ರಾಸ್ತಾ ಪೇಟೆಯ ಕೆ.ಇ.ಎಂ. ಆಸ್ಪತ್ರೆಗೆ ಸೇರಿದ ಮಕ್ಕಳ ಬೆಳವಣಿಗೆಯ ಕೇಂದ್ರವಿದೆ, ಕಾಮಾಯನಿಯಂಥ ವಿಶೇಷ ಶಾಲೆಯಿದೆ, ಗಣೇಶಖಿಂಡ ರಸ್ತೆಯಲ್ಲಿ ಬಾಲ ಕಲ್ಯಾಣ ಸಂಸ್ಥೆಯಿದೆ. 2016ರ ಕಾಯ್ದೆಯ ಪ್ರಕಾರ ಶೇಕಡಾ 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಇದೆ. ಬರವಿರುವುದು ಫಾರ್ಮು ತುಂಬುವ ತಾಳ್ಮೆಗೆ. ರಾತ್ರಿಯೆಲ್ಲ ಕೂಸನ್ನು ಎತ್ತಿಕೊಂಡು ತಿರುಗಿದ ತಾಯಿಗೆ ಯು.ಡಿ.ಐ.ಡಿ. ಕಾರ್ಡಿನ ಅರ್ಜಿ ತುಂಬಲು ಎಲ್ಲಿಯ ಬಿಡುವು? ಕಂಪ್ಯೂಟರಿನ ಮುಂದೆಯೇ ಊಟ ಮಾಡುವ ನೀವು ಅದನ್ನು ಮಾಡಿಕೊಡಬಹುದಲ್ಲ. ಶನಿವಾರ ಎರಡು ತಾಸು ಮಗುವನ್ನು ಕಮಲಾ ನೆಹರೂ ಪಾರ್ಕಿಗೆ ಕರೆದೊಯ್ಯಿರಿ, ಅವರಮ್ಮ ನಿದ್ದೆಯಾದರೂ ಮಾಡಲಿ.

"ಮುಂದೇನು?" ಎಂದು ಕೇಳುವವರಿಗೆ ನಮ್ಮ ಹುಬ್ಬಳ್ಳಿಯ ಸುದ್ದಿ ಹೇಳಿ. ಅಲೀನಾ ಆಲಂ 2017ರಲ್ಲಿ ಮೊದಲ ಮಿಟ್ಟಿ ಕೆಫೆ ಶುರುಮಾಡಿದ್ದು ಅಲ್ಲೇ. ಬುದ್ಧಿಬೆಳವಣಿಗೆ ಕಡಿಮೆಯಿದ್ದವರೂ ದುಡಿದು ಸಂಬಳ ಪಡೆಯುವ ಆ ಕೆಫೆ 2023ರಲ್ಲಿ ದೆಹಲಿಯ ಸುಪ್ರೀಂ ಕೋರ್ಟಿನ ಆವರಣಕ್ಕೂ ಬಂತು.

ಇನ್ನು ಅಣ್ಣ, ಅಕ್ಕ, ತಂಗಿಯಾಗಿ ಇಂಥ ಮನೆಯಲ್ಲೇ ಬೆಳೆದವರು ನಿಮ್ಮಲ್ಲಿ ಇದ್ದೀರಿ. "ನಮ್ಮ ನಂತರ ಇವನನ್ನು ಯಾರು ನೋಡಬೇಕು?" ಎಂಬ ಮಾತು ಕೋಣೆಯ ಬಾಗಿಲು ಹಾಕಿಕೊಂಡು ನಡೆಯುತ್ತದೆ. ನಿಮ್ಮನ್ನು ಕೇಳದೆಯೇ ನಿಮ್ಮ ಹೆಸರು ಅಲ್ಲಿ ಬಂದುಹೋಗುತ್ತದೆ. ಬಾಗಿಲು ತೆಗೆಸಿ ಒಳಗೆ ಕೂತುಕೊಳ್ಳಿ. ಹದಿನೆಂಟು ತುಂಬಿದ ಮೇಲೆ ಕಾನೂನಿನ ಪ್ರಕಾರ ಪಾಲಕರನ್ನು ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ದಾರಿಯಿದೆ. ಅರ್ಜಿ ಕೊಡಬೇಕಾದದ್ದು ಕಲೆಕ್ಟರ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ. ಏನು ಮಾಡಬಲ್ಲಿರಿ, ಏನು ಆಗುವುದಿಲ್ಲ, ಎರಡನ್ನೂ ಅಪ್ಪ ಅಮ್ಮನಿಗೆ ಈಗಲೇ ಹೇಳಿ. ತಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ, ಕನ್ನಡದಲ್ಲಿ ಹೇಳಿದರೆ ಅವನಿಗೂ ಅರ್ಥವಾದೀತು.